ಇತರೆ, ಇದ್ದಲ್ಲಿ ಬರೆಯಿರಿ

ಕಾಗದ ಮೂರು ಪುಟ. ಪೆನ್ನಿಗೆ ದಾರ ಕಟ್ಟಿದ್ದಾರೆ,
ಕ್ಯಾನ್ಸರ್ ಬಂದವರೂ ಕದಿಯಬಹುದೆಂದು.
ನರ್ಸ್ ಯಾನಿನಾ ಅನ್ನುತ್ತಾಳೆ,
ಅವಸರವಿಲ್ಲ ದೋನ್ಯ ಎದೆಲ್ಮಿರಾ,
ಬಾಟಲಿ ಖಾಲಿಯಾಗಲು ಇನ್ನೂ ಎರಡು ಗಂಟೆಯಿದೆ.

ಕಳೆದ ತಿಂಗಳು ನಿಮಗೆ ಎಷ್ಟು ಸಹಾಯ ಬೇಕಿತ್ತು?
ಸ್ವಲ್ಪ, ಸಾಧಾರಣ, ಬಹಳ. ಒಂದಕ್ಕೆ ಗುರುತು ಹಾಕಿ.

ನೋವು: ಸ್ವಲ್ಪ.
ಸುಸ್ತು: ಬಹಳ ಎಂದು ಹಾಕಿ ಹೊಡೆದುಹಾಕಿದೆ.
ಸುಸ್ತೆಂದರೆ ಆಲೂಗಡ್ಡೆ ಅಗೆದು ಬಂದ ಸಂಜೆಯದ್ದು,
ಅದರ ತಳದಲ್ಲಿ ನಿದ್ದೆ ಇರುತ್ತದೆ.
ಇದರ ತಳ ಎಲ್ಲೋ. ಬಾವಿಗೆ ಕಲ್ಲು ಹಾಕಿ
ಸದ್ದಿಗೆ ಕಾಯುತ್ತ ನಿಂತ ಹಾಗೆ.
ಇದಕ್ಕೆ ಬೇರೆ ಹೆಸರಿಡಬೇಕಿತ್ತು ಯಾರಾದರೂ.

ಪ್ರಯಾಣ: ಕೊಟ್ಟ ಜಾಗ ಸಾಲದು.
ನಮ್ಮ ಚಿಲೊಯೆ ದ್ವೀಪದಲ್ಲಿ, ಕೆಮ್‌ಚಿಯಿಂದ, ನಸುಕಿನ ನಾಲ್ಕೂವರೆಗೆ ಬಸ್ಸು.
ಬಸ್ಸನ್ನೇ ಹೊತ್ತ ಹಡಗು ಕಾಲುವೆ ದಾಟುವಾಗ
ಮೊಣಕಾಲ ನಡುವೆ ಪ್ಲಾಸ್ಟಿಕ್ ಬಕೆಟ್ಟು,
ಕಿಟಕಿಯಾಚೆ ಮಂಜಿನಲ್ಲಿ
ಕಟ್ಟುತ್ತಲೇ ಇರುವ ಸೇತುವೆಯ ಕಂಬಗಳು.
ಪಕ್ಕದ ಸೀಟಿನ ಹುಡುಗ ಕೇಳಿದ:
ಅಜ್ಜೀ, ನಿಮಗೆ ಸಮುದ್ರ ಆಗಿಬರಲ್ವಾ?
ದೋಣಿಯಲ್ಲೇ ಹಲ್ಲು ಬಂದವಳು ನಾನು, ದೋಣಿಯಲ್ಲೇ ಹಲ್ಲು ಬಿದ್ದವಳು.
ಇಲ್ಲ ಮಗಾ, ಆಗಿಬರಲ್ಲ ಎಂದೆ.
ಎಲ್ಲವನ್ನೂ ಸಮುದ್ರದ ಮೇಲೆ ಹಾಕಿದೆ.
ಅದು ಏನೂ ಅಂದುಕೊಳ್ಳುವುದಿಲ್ಲ.

ಹಣ: ಎರಡು ಹಂದಿ ಮಾರಿದೆವು. ಮೂರನೆಯದು ಗಬ್ಬ.

ದಾಂಪತ್ಯ: ಇಲ್ಲಿ ಯಾನಿನಾ ಗಡಿಯಾರ ನೋಡಿದಳು,
ನಾನು ನಕ್ಕೆ.
ಅರ್ತೆಮಿಯೊ ಈಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ,
ತಾಗಿದರೆ ಎಲ್ಲಿ ಒಡೆಯುತ್ತೇನೋ ಎಂದು.
ಸಹಾಯ ಬೇಕೇ? ಬೇಕು. ಯಾರಾದರೂ ಅವನಿಗೆ ಹೇಳಿ,
ನಾನು ಗಾಜಲ್ಲ, ನನಗೆ ಚಳಿ.

ಬಂಧುಮಿತ್ರರು: ನಾದಿನಿ ಹೆರ್ಮಿನಿಯಾ ಸಾರು ತರುತ್ತಾಳೆ,
ಹೋರಾಡು, ಹೋರಾಡು, ಎನ್ನುತ್ತಾಳೆ.
ಯಾರ ಜೊತೆ? ಇದ್ದದ್ದೊಂದು ಮೈ,
ಬಡಿದರೂ ನನ್ನದೇ, ಬಡಿಸಿಕೊಂಡರೂ ನನ್ನದೇ.
ಸಾರು ಚೆನ್ನಾಗಿತ್ತು, ಇರಬೇಕು.
ನನಗೆ ಎಲ್ಲವೂ ತುಕ್ಕು ಹಿಡಿದ ಮೊಳೆಯ ರುಚಿ.
ಚರ್ಚಿನಲ್ಲಿ ಜೊತೆಗೆ ಹಾಡುತ್ತಿದ್ದ ರೊಸಾಲ್ಬಾ ಮಾತ್ರ
ನನ್ನನ್ನು ಕಂಡರೆ ರಸ್ತೆಯ ಆ ಬದಿ ಹಿಡಿಯುತ್ತಾಳೆ.
ಪಾಪ, ಅವಳಮ್ಮ ಇದರಲ್ಲೇ ಹೋದದ್ದು.
ಅವಳಿಗೂ ಒಂದು ಫಾರಂ ಕೊಡಿ.

ಕೊನೆಯಲ್ಲಿ ಎರಡು ಖಾಲಿ ಗೆರೆ.
ಇತರೆ, ಇದ್ದಲ್ಲಿ ಬರೆಯಿರಿ.

ಗುರುತು ಹಾಕುವುದು ಬೇರೆ, ಬರೆಯುವುದು ಬೇರೆ.
ನಾಲ್ಕನೆಯ ಬಾಟಲಿಯಿಂದೀಚೆ ಬೆರಳ ತುದಿಗಳು ನನ್ನವಲ್ಲ.
ಹೆಣಿಗೆಯ ಕಡ್ಡಿ ಕೈಯಲ್ಲಿದೆಯೋ, ಬಿತ್ತೋ
ನೋಡಿಯೇ ತಿಳಿಯಬೇಕು;
ಮೊಮ್ಮಗನ ಕಾಲುಚೀಲ ಹಿಮ್ಮಡಿ ತಿರುಗುವಲ್ಲಿ
ಮೇ ತಿಂಗಳಿಂದ ನಿಂತಿದೆ.
ಪೆನ್ನು ಜಾರಿತು. ಮತ್ತೆ ಜಾರಿತು.

ಪಕ್ಕದ ಕುರ್ಚಿಯವನು ಮೀನು ಸಂಸ್ಕರಣೆಯ ಕಾರ್ಖಾನೆಯ ಟೋಪಿ
ಹುಬ್ಬಿನವರೆಗೆ ಎಳೆದಿದ್ದ. ಹುಬ್ಬು ಇರಲಿಲ್ಲ.
ತನ್ನ ಫಾರಂ ಮಡಚಿ ತೊಡೆಯಡಿ ಇಟ್ಟುಕೊಂಡಿದ್ದ, ಬೆಳಗಿನಿಂದ.
ಕೊಡಿ, ಎಂದ.
ದಾರ ಅವನಿರುವಲ್ಲಿಗೆ ಎಟುಕಲಿಲ್ಲ.
ಕುರ್ಚಿಯನ್ನೇ ಎಳೆದುಕೊಂಡು ಬಂದ, ಔಷಧಿಯ ಕಂಬದ ಸಮೇತ;
ಗಾಲಿಗಳು ಇಡೀ ವಾರ್ಡಿಗೆ ಕೇಳುವಂತೆ ಕಿರುಗುಟ್ಟಿದವು.

ಏನಂತ ಹಾಕಲಿ?

ಬರೆಯಪ್ಪಾ.
ಬುಧವಾರ, ಹಡಗಿನಲ್ಲಿ, ಪಕ್ಕದಲ್ಲಿ ಕೂರಲು ಒಬ್ಬರು.
ಮಾತಾಡಬೇಕಾಗಿಲ್ಲ. ಎಲ್ಲ ಸರಿಹೋಗುತ್ತೆ ಅನ್ನುವುದಂತೂ ಬೇಡವೇ ಬೇಡ.
ಬಕೆಟ್ಟು ಹಿಡಿದರೆ ಸಾಕು.

ನಾಲಿಗೆ ಕಚ್ಚಿ ಬರೆಯುತ್ತಿದ್ದ, ಶಾಲೆಯ ಹುಡುಗನ ಹಾಗೆ.
'ಸಾಕು' ಎಂಬಲ್ಲಿ ನಿಂತು ಕೇಳಿದ,
ಬಕೆಟ್ಟಿನ ಬಣ್ಣ?
ಹಳದಿ, ಎಂದೆ.
ನಗಲಿಲ್ಲ. ಅದನ್ನೂ ಬರೆದ.